ಮೂತಿ ಇಲ್ಲದ ಇಂಜಿನ್ನು

ಬೆನಕಪ್ಪನ ಮದುವೆ ಕೆಟ್ಟಿದ್ದು ಬೆಳಗಿನ ಚಹಾದ ಜೊತೆ ಆಡಿದ ನಾಲ್ಕು ಮಾತಿನಿಂದ.

ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಅವನು ಟೈಪಿಸ್ಟು. ರೈಲೇ ಬಾರದ ಊರಿನಲ್ಲಿ ಹುಟ್ಟಿ ರೈಲಿನ ಹುಚ್ಚು ಹಿಡಿಸಿಕೊಂಡವನು. ಆ ಹುಚ್ಚಿನಲ್ಲಿ ಅವನಿಗೆ ಊರಲ್ಲಿದ್ದ ಜೊತೆ ಎಂದರೆ ಸೈಕಲ್ ಶಾಪಿನ ದುರುಗಣ್ಣ ಒಬ್ಬನೇ. ದಾವಣಗೆರೆ ಕಡೆ ಹಳೆಯ ಕಲ್ಲಿದ್ದಲ ಇಂಜಿನ್ನುಗಳು ಹಿಂದೆ ಸರಿದು ಡೀಸೆಲ್ ಇಂಜಿನ್ನುಗಳು ಬರತೊಡಗಿದ್ದ ಕಾಲ. ಹಿಂದಿನ ದಿನ ತಾಯಿ ಕಸ್ತೂರಮ್ಮನ ಜೊತೆ ದಾವಣಗೆರೆಗೆ ಹೆಣ್ಣು ನೋಡಲು ಹೋಗಿದ್ದ ಬೆನಕಪ್ಪ, ಬರುವ ಮುಂಚೆ ಸ್ಟೇಷನ್ನಿಗೂ ಒಂದು ಸುತ್ತು ಹಾಕಿದ್ದ. ಹುಡುಗಿ ಒಪ್ಪಿಗೆಯಾಗಿದ್ದಳು. ಇಂಜಿನ್ನು ಆಗಿರಲಿಲ್ಲ.

"ನೋಡಿದೇನಪ್ಪಾ? ಹೆಂಗೈತೆ?" ಹೋಟೆಲಿನಲ್ಲಿ ದುರುಗಣ್ಣ ಕೇಳಿದ.

"ಏನ್ ಹೇಳ್ಲಿ. ಮೂತಿನೇ ಇಲ್ಲ. ಮುಂದಿಂದ ನೋಡಿದ್ರೂ ಒಂದೇ, ಹಿಂದಿಂದ ನೋಡಿದ್ರೂ ಒಂದೇ. ಬೀರು ಅಡ್ಡ ಮಲಗಿಸಿ ಬಣ್ಣ ಬಳಿದಂಗೈತೆ. ಬಾಯಿ ತೆಗೆದ್ರೆ ಎಮ್ಮೆ ಒದರಿದಂಗೆ."

"ಹಳೇದು ಮರೆಯಾಕಾಗಲ್ಲ ಬಿಡು."

"ಕರ್ರಗಿದ್ರೇನು, ಎಂಥಾ ಕಳೆ ಇತ್ತು. ಬೀರೂರಿನಾಗೆ ಇನ್ನೂ ಅದಾವಂತೆ. ಭಾನುವಾರ ಹೋಗಿ ಕಣ್ತುಂಬ ನೋಡ್ಕಂಡು ಬರ್ತೀನಿ."

ಹಿಂದಿನ ಬೆಂಚಿನಲ್ಲಿ ಕಂಡಕ್ಟರ್ ದಾವೂದ್ ಇಡ್ಲಿ ತಿನ್ನುತ್ತಿದ್ದ. ನಿನ್ನೆ ಹೂವು ಹಣ್ಣಿನ ಸಮೇತ ತಾಯಿ ಮಗನನ್ನು ತನ್ನ ಬಸ್ಸಿನಲ್ಲೇ ಹೆಣ್ಣಿನ ಮನೆಗೆ ಕರೆದೊಯ್ದವನು. ಅವನ ಗಂಟಲಲ್ಲಿ ಇಡ್ಲಿ ನಿಂತಿತು. ಪಾಪದ ಹುಡುಗಿ ಮೋಸ ಹೋಗಬಾರದೆಂದು, ಒಳ್ಳೆಯ ಮನಸ್ಸಿನಿಂದಲೇ, ಆ ಮಾತುಗಳನ್ನು ಒಂದೂ ಬಿಡದೆ ದಾವಣಗೆರೆಗೆ ಸಾಗಿಸಿದ. ಬಸ್ಸು ಹತ್ತುವ ಮೊದಲು ಬೆನಕಪ್ಪನ ನೆರೆಮನೆಯ ಶಂಕ್ರಮ್ಮನ ಕಿವಿಗೂ ಸ್ವಲ್ಪ ಹಾಕಿದ.

ಮಧ್ಯಾಹ್ನ ಊಟಕ್ಕೆ ಬಂದ ಬೆನಕಪ್ಪನನ್ನು ಶಂಕ್ರಮ್ಮ ಬೀದಿಯಲ್ಲೇ ತಡೆದಳು.

"ಬೀರೂರಿನಾಗೆ ನಿನ್ನವು ಅದಾವಂತಲ್ಲಪ್ಪ. ನಿಜವೇನು?"

ತನ್ನ ಹುಚ್ಚಿನ ಬಗ್ಗೆ ಹೆಂಗಸೊಬ್ಬಳು ಕೇಳಿದ್ದು ಅದೇ ಮೊದಲು. ಬೆನಕಪ್ಪ ಊದಿದ ಪೂರಿಯಂತಾದ. "ಹೂನಮ್ಮ, ಐದಾರು ಅದಾವೆ. ಚಿಕ್ಕಂದಿನಿಂದ್ಲೂ ಗುರುತು. ದೂರದಿಂದ ಉಸಿರು ಕೇಳಿದ್ರೆ ಸಾಕು, ಯಾವುದು ಅಂತ ಹೇಳಿಬಿಡ್ತೀನಿ."

ಶಂಕ್ರಮ್ಮ ಕಿವಿ ಮುಚ್ಚಿಕೊಂಡು ಓಡಿದಳು. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಸುದ್ದಿ ಹಿತ್ತಲ ಬಾಗಿಲಿನಿಂದ ಅಡಿಗೆಮನೆ ಸೇರಿ, ಕಸ್ತೂರಮ್ಮ ಒಲೆಯ ಮುಂದೆ ಅಳುತ್ತ ಕೂತಿದ್ದಳು. "ಒಂದಲ್ಲ, ಐದಾರಂತೆ" ಎಂದಷ್ಟೇ ಹೇಳಿ ಮತ್ತೆ ಅಳತೊಡಗಿದಳು. ಬೆನಕಪ್ಪನಿಗೆ ಅನ್ನವೂ ಸಿಗಲಿಲ್ಲ, ಅರ್ಥವೂ ಆಗಲಿಲ್ಲ.

ಸಂಜೆಗೆ ಹುಡುಗಿಯ ತಂದೆ, ಮಂಡಕ್ಕಿ ಭಟ್ಟಿಯ ಬಸವರಾಜಪ್ಪ, ಬಸ್ಸಿಳಿದು ಬಂದೇಬಿಟ್ಟರು. ಹಿಂದೆ ಮಗಳು ಶಿವಗಂಗಾ. ಅವರ ಹಿಂದೆ ಅರ್ಧ ಬೀದಿ.

"ನಮ್ಮ ಹುಡುಗಿ ಮಲಗಿಸಿದ ಬೀರು ಏನ್ರೀ? ಎಮ್ಮೆ ಏನ್ರೀ?"

ಆಗ ಬೆನಕಪ್ಪನಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. "ಅಯ್ಯೋ, ಅದು ಇಂಜಿನ್ನು ರೀ. ಡೀಸೆಲ್ ಇಂಜಿನ್ನು. ಬೀರೂರಿನಾಗಿರೋವೂ ಇಂಜಿನ್ನೇ," ಎಂದು ಬಡಬಡಿಸಿದ. ಯಾರೂ ನಂಬಲಿಲ್ಲ. ಸೈಕಲ್ ಶಾಪಿನಿಂದ ದುರುಗಣ್ಣನನ್ನು ಎಳೆದು ತಂದರು. ಅವನು ಗ್ರೀಸ್ ಮೆತ್ತಿದ ಕೈಯೆತ್ತಿ, ತನ್ನ ಮಕ್ಕಳ ಮೇಲೆ ಆಣೆಯಿಟ್ಟು, ಡೀಸೆಲ್ ಇಂಜಿನ್ನಿನ ಕುರೂಪವನ್ನು ಇನ್ನೊಮ್ಮೆ ವರ್ಣಿಸಿದ. ಬಸವರಾಜಪ್ಪನವರ ಮುಖ ಸಡಿಲವಾಯಿತು. ಹೊಟ್ಟೆ ಕುಣಿಸುತ್ತ ನಕ್ಕರು. ಕಸ್ತೂರಮ್ಮ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು.

"ನಡೀರಿ ಅಪ್ಪಾಜಿ, ಹೋಗಾನ," ಎಂದಳು ಶಿವಗಂಗಾ. "ಬೀರು, ಎಮ್ಮೆ ಅಂದ ಕೂಡ್ಲೇ ಇಂಜಿನ್ನಿನ ಮಾತು ಅಂತ ನಂಗೆ ಮನೇಲೇ ಗೊತ್ತಾಗಿತ್ತು. ಹಂಗೆ ಅಂದಿದ್ದು ನಿಜವೋ ಸುಳ್ಳೋ ನೋಡಾಕೆ ಬಂದೆ."

"ಅಲ್ಲವ್ವಾ, ನಿನಗೇನೂ ಅಂದಿಲ್ವಲ್ಲ ಅವರು," ಎಂದರು ಬಸವರಾಜಪ್ಪ.

"ನಂಗೆ ಅಂದಿದ್ರೆ ತಡ್ಕಂಬೋದಿತ್ತು. ನಮ್ಮನೆ ಸ್ಟೇಷನ್ ಹಿಂದೆ. ಹುಟ್ಟಿದಾಗಿಂದ ಆ ಕರಿ ಇಂಜಿನ್ನಿನ ಮಸಿ ತಿಂದೇ ಬೆಳೆದೆ. ಸೀರೆ ಒಣಗಾಕಿದ್ರೆ ಮಸಿ, ಹಪ್ಪಳದ ಮೇಲೆ ಮಸಿ, ನಿಮ್ಮ ಮಂಡಕ್ಕಿಗೂ ಮಸಿ. ಈ ಡೀಸೆಲ್ಲು ಬಂದ ದಿನ ಅವ್ವ ಹೋಗಿ ಅದಕ್ಕೆ ಕುಂಕುಮ ಹಚ್ಚಿ ಬಂದ್ಲು. ಎಷ್ಟು ನೀಟಾಗೈತೆ, ಇಸ್ತ್ರಿ ಮಾಡಿ ನಿಲ್ಲಿಸಿದಂಗೆ. ಅದಕ್ಕೆ ಮೂತಿ ಇಲ್ಲ ಅನ್ನೋರ ಜತೆ ನಾನು ಹೆಂಗೆ ಬಾಳ್ಲಿ?"

ಬೆನಕಪ್ಪ ಅವಳನ್ನೇ ನೋಡುತ್ತ ನಿಂತ. ಇಂಜಿನ್ನಿನ ಚಂದದ ಮೇಲೆ ಇಷ್ಟು ಆವೇಶದಿಂದ ಮಾತಾಡುವ ಹೆಣ್ಣು ಜಿಲ್ಲೆಯಲ್ಲಿ ಇನ್ನೊಂದು ಇರಲಾರದು. ನಿನ್ನೆ ಬರೀ ಒಪ್ಪಿಗೆಯಾಗಿದ್ದವಳು ಈಗ ಅವನ ಎದೆಯಲ್ಲಿ ಕೂತುಬಿಟ್ಟಳು.

"ನೋಡ್ರಿ," ಎಂದ ತಡವರಿಸುತ್ತ, "ನಿನ್ನೆ ಬಿಸಿಲಿತ್ತು. ನಾನು ಸರಿಯಾಗಿ ನೋಡ್ಲಿಲ್ಲ. ಡೀಸೆಲ್ಲಿಗೂ ಮೂತಿ ಐತೆ. ಒಂಥರಾ ಚಂದಾನೇ ಐತೆ."

"ಬೆಳಿಗ್ಗೆ ಒಂದು, ಸಂಜೆಗೆ ಒಂದು ಮಾತಾಡೋರ್ನ ನಂಬೋದೆಂಗೆ?" ಎಂದು ಸೆರಗು ಬಿಗಿದುಕೊಂಡು ಅವಳು ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು. ಬಸವರಾಜಪ್ಪ ಕೈಮುಗಿದು ಮಗಳ ಹಿಂದೆ ಓಡಿದರು.

ಬೆನಕಪ್ಪ ಸಮಾಧಾನದ ಒಂದು ಮಾತಿಗಾಗಿ ದುರುಗಣ್ಣನ ಕಡೆ ತಿರುಗಿದ. ದುರುಗಣ್ಣ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

"ಹುಡುಗಿ ಹೋದ್ರೆ ಇನ್ನೊಬ್ಬಳು ಸಿಗ್ತಾಳೆ ಬೆನಕಪ್ಪ," ಎಂದ ಅವನ ಮುಖ ನೋಡದೆ. "ಆದ್ರೆ ನೀನು, ಡೀಸೆಲ್ಲು ಚಂದ ಐತೆ ಅಂದುಬಿಟ್ಟೆ. ಇನ್ಮೇಲೆ ನಮ್ಮ ಅಂಗಡಿ ಕಡೆ ಬರಬ್ಯಾಡ."