ನಿಂತಲ್ಲೇ ನಡೆದವರು

ಪುಸ್ತಕದ ಪ್ರೂಫ್ ತಿದ್ದಿ ತಿದ್ದಿ ಯಜಮಾನರ ಬೆನ್ನು ಮುಷ್ಕರ ಹೂಡಿದಾಗ ಮನೆಗೆ ನಿಂತು ಕೆಲಸ ಮಾಡುವ ಎತ್ತರದ ಮೇಜು ಬಂತು. ಮೇಜು ಬಂದ ಮೇಲೆ ಕಾಲು ಬಾತುಕೊಂಡವು. ಈಗ ಮೇಜಿನ ಕೆಳಗಿಡಲು ನಡೆಯುವ ಟ್ರೆಡ್‌ಮಿಲ್ ಬೇಕೆಂದು ಹಟ. (ಮದುವೆಯಾಗದೆ ಹುಚ್ಚು ಬಿಡುವುದಿಲ್ಲವಂತೆ. ಇವರಿಗೆ ಮದುವೆಯಾಗಿ ಮೂವತ್ತು ವರ್ಷವಾದರೂ ಬಿಟ್ಟಿರಲಿಲ್ಲ.)

"ರಸ್ತೆ ಇದೆಯಲ್ಲ ರೀ, ಅದಕ್ಕೆ ಕರೆಂಟೂ ಬೇಡ," ಎಂದಳು ಹೆಂಡತಿ.

"ರಸ್ತೇಲಿ ನಿಂತು ಪ್ರೂಫ್ ತಿದ್ದಲೇನೆ?"

ಹೊಸದಾಗಿ ಮದುವೆಯಾದಾಗ ಇಬ್ಬರೂ ದಿನಾ ಸಂಜೆ ನಡೆಯುತ್ತಿದ್ದರು. ಇಬ್ಬರೂ ಅನ್ನುವುದು ಹೆಸರಿಗೆ ಮಾತ್ರ. ಅವರು ದಾಪುಗಾಲು ಹಾಕಿ ಮುಂದೆ ಹೋಗಿ, ತಿರುವಿನ ಅಂಚೆ ಡಬ್ಬಿಗೆ ಒರಗಿ ನಿಂತು, ಅವಳು ಏದುಸಿರು ಬಿಡುತ್ತ ಬಂದಾಗ "ಇಷ್ಟೊತ್ತಾ?" ಅನ್ನುತ್ತಿದ್ದರು. ಆಫೀಸು ಬಿಟ್ಟು ಮನೆಯಲ್ಲೇ ಕೆಲಸ ಹಿಡಿದ ಮೇಲೆ ಅದೂ ತಪ್ಪಿತು. ಅವಳಿಗೆ ಆ ಸಂಜೆಗಳು ಮತ್ತೆ ಬೇಕಾಗಿದ್ದವು. ಯಜಮಾನರಿಗೂ ಅದು ಗೊತ್ತಿತ್ತು, ಆದರೆ ಮಂಡಿ ಒಪ್ಪಬೇಕಲ್ಲ!

ಅಂಗಡಿಯಲ್ಲಿ ಅವರು ಪ್ರೂಫ್ ಹಾಳೆ ಹಿಡಿದೇ ಯಂತ್ರಾರೋಹಣ ಮಾಡಿದರು. ಮೊದಲನೆಯದರ ಮೇಲೆ ಅಕ್ಷರಗಳು ಕುಣಿದವು. ಎರಡನೆಯದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಮೂರನೆಯದು ಹಿತವಾಗಿತ್ತು.

"ಅಮ್ಮಾ, ನೀವೂ ಹತ್ತಿ ನೋಡಿ," ಎಂದು ಅಂಗಡಿಯವನು ಪಕ್ಕದ ಯಂತ್ರ ಚಾಲೂ ಮಾಡಿದ. ಅವಳು ಕೈಚೀಲ ಹೆಗಲಿಗೇರಿಸಿ ಹತ್ತಿದಳು.

ಮೂವತ್ತು ವರ್ಷದಲ್ಲಿ ಮೊದಲ ಸಲ ಗಂಡ ಹೆಂಡತಿ ಅಕ್ಕಪಕ್ಕ ನಡೆದರು.

"ಆ ಅಂಚೆ ಡಬ್ಬಿ ನೆನಪಿದೆಯೇನೆ?"

"ಇದೆ. ನಿಮ್ಮ ಬೆನ್ನು ಇನ್ನೂ ಚೆನ್ನಾಗಿ ನೆನಪಿದೆ."

ಯಜಮಾನರು ನಕ್ಕರು. ನಗುತ್ತಲೇ, ಎಂಥ ಸಂಜೆಗಳನ್ನು ಒಬ್ಬನೇ ನಡೆದು ಹಾಳು ಮಾಡಿಕೊಂಡೆ ಅನ್ನಿಸಿತು. ಪ್ರೂಫ್ ಹಾಳೆ ಮಡಚಿ ಜೇಬಿಗಿಟ್ಟು ಕೆಳಗಿಳಿದರು.

"ಮಷೀನು ಬೇಡ ಕಣೇ. ಮನೆಗೆ ನಡ್ಕೊಂಡೇ ಹೋಗೋಣ. ಇವತ್ತು ಜೊತೆಜೊತೆಗೇ!"

ಅಂಗಡಿಯವನು ಇಂಗು ತಿಂದ ಮಂಗನಂತಾದ.

ಒಂದು ಬೀದಿ ಜೊತೆಜೊತೆಗೇ ದಾಟಿದರು. ಎರಡನೆಯದರಲ್ಲಿ ಮಂಡಿ ಕೈಕೊಟ್ಟಿತು. ಹೆಂಡತಿಯೋ, ಹಳೆಯ ಕಥೆ ಹೇಳುವ ಹುರುಪಿನಲ್ಲಿ ಮುಂದೆ ಹೋಗಿಯೇಬಿಟ್ಟಿದ್ದಳು.

"ಸ್ವಲ್ಪ ನಿಧಾನ ಕಣೇ!" ಎಂದು ಕೂಗಿದರು. ಹಿಂದೆ ಅವಳು ಕೂಗುತ್ತಿದ್ದ ಮಾತು ಅದು.

ಕುಂಟುತ್ತ ತಿರುವು ಮುಟ್ಟಿದಾಗ, ಬಣ್ಣ ಹೋದ ಆ ಅಂಚೆ ಡಬ್ಬಿಗೆ ಅವಳು ಒರಗಿ ನಿಂತಿದ್ದಳು.

"ಇಷ್ಟೊತ್ತಾ?" ಎಂದಳು.

ಯಜಮಾನರು ಏದುಸಿರು ಬಿಡುತ್ತ ಡಬ್ಬಿಗೆ ಒರಗಿದರು. ಅವಳು ನಗುತ್ತ ಅವರ ತೋಳು ಹಿಡಿದುಕೊಂಡಳು.

"ನಾಳೆ ಹೋಗಿ ಆ ಮೂರನೇ ಮಷೀನು ತಂದ್ಬಿಡಿ ರೀ. ಬೆಳಗ್ಗೆ ಅದ್ರ ಮೇಲೆ ಪ್ರಾಕ್ಟೀಸ್ ಮಾಡಿ. ಸಂಜೆ ನನ್ ಜೊತೆ ಬರೋಕಾದ್ರೂ ಆಗತ್ತೆ."