ಇಬ್ಬರಿಗಷ್ಟೇ ಒಂದು ದೋಣಿ

ಸಂತೋಷನ ಕಷ್ಟಕ್ಕೆಲ್ಲ ಮೂಲ ಒಂದು ಕ್ಯಾಲೆಂಡರು.

ಪಾಂಡವಪುರಕ್ಕೆ ಹತ್ತಿರದ ತನ್ನೂರಿನ ಹಾಲಿನ ಡೈರಿಗೆ ಅವನು ಸೆಕ್ರೆಟರಿ. ಹಿಂಡಿ, ಬೂಸಾ ಮಾರುವವರು ವರ್ಷದ ಮೊದಲಿಗೆ ಕೊಟ್ಟ ಕ್ಯಾಲೆಂಡರನ್ನು ತಂದು ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಚಿತ್ರದಲ್ಲಿ ಮುರ್ಡೇಶ್ವರದ ದೊಡ್ಡ ಶಿವ, ಅವನ ಹಿಂದೆ ಕಡಲು. ತಾಯಿ ಜಯಲಕ್ಷ್ಮಮ್ಮ ದಿನಾ ಬೆಳಗ್ಗೆ ಶಿವನಿಗೆ ಊದುಬತ್ತಿ ಬೆಳಗುತ್ತಿದ್ದಳು. ಹೆಂಡತಿ ಸುನಿತಾ ಮಾತ್ರ ಶಿವನ ಭುಜದಾಚೆಗಿನ ನೀಲಿ ನೀರನ್ನೇ ನೋಡುತ್ತಿದ್ದಳು. ಅವಳು ನಾಗಮಂಗಲದ ಕಡೆಯವಳು. ಬೋರ್‌ವೆಲ್ಲಿನ ಮುಂದೆ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳಿಗೆ ಇಲ್ಲಿಯ ನಾಲೆಯೇ ದೊಡ್ಡ ಬೆರಗು. ಕಡಲನ್ನಂತೂ ಅವಳು ಕಂಡೇ ಇರಲಿಲ್ಲ.

"ಒಂದ್ಸಲ ಕರ್ಕೊಂಡೋಗ್ರೀ," ಎಂದಿದ್ದಳು ಒಂದು ಬೆಳಗ್ಗೆ. "ಆದ್ರೆ ಇಬ್ರೇ ಹೋಗ್ಬೇಕು."

ಆ 'ಇಬ್ರೇ' ಎಂಬ ಮಾತಿನ ಹಿಂದೆ ಹಳೆಯ ನೋವೊಂದಿತ್ತು. ಸಂತೋಷನ ಬೀದಿಯಲ್ಲಿ ಯಾರು ಬಾಡಿಗೆ ಗಾಡಿ ಮಾಡಿದರೂ ಅದರಲ್ಲಿ ಒಂದು ಸೀಟೂ ಖಾಲಿ ಹೋಗಕೂಡದು. ಅನ್ನ ಚೆಲ್ಲುವುದು ಹೇಗೆ ಪಾಪವೋ ಅದೂ ಹಾಗೆಯೇ. ಹೊಸದಾಗಿ ಮದುವೆಯಾದಾಗ ಅವನು ಊಟಿಗೆಂದು ಕಾರು ಮಾಡಿದ್ದ. ಹೊರಡುವ ಹೊತ್ತಿಗೆ ಎದುರುಮನೆಯ ಚಿಕ್ಕಮಾದಯ್ಯ ಮಫ್ಲರು ಸುತ್ತಿಕೊಂಡು ಬಂದು, "ಮುಂದಿನ ಸೀಟು ಸುಮ್ನೆ ಖಾಲಿ ಹೋಯ್ತದಲ್ಲೋ" ಎಂದು ಹತ್ತಿ ಕುಳಿತ. ಪಕ್ಕದ ಮನೆಯ ಪ್ರಮೀಳಾ ಚಿತ್ರಾನ್ನದ ಡಬ್ಬಿಯ ಸಮೇತ ಹಿಂದೆ ಸೇರಿಕೊಂಡಳು. ಸುನಿತಾ ಊಟಿಯನ್ನು ನೋಡಿದ್ದೆಲ್ಲ ಚಿಕ್ಕಮಾದಯ್ಯನ ಮಫ್ಲರಿಗೂ ಡ್ರೈವರನ ತಲೆಗೂ ನಡುವಿನ ಸಂದಿಯಲ್ಲಿ.

ಹಾಗಾಗಿ ಈ ಸಲ ಸಂತೋಷ ಯಾರಿಗೂ ಸುಳಿವು ಕೊಡಲಿಲ್ಲ. ಮುರ್ಡೇಶ್ವರದ ನಾಗರಾಜು ಎಂಬ ದೋಣಿಯವನನ್ನು ಫೋನಿನಲ್ಲೇ ಹಿಡಿದು, ಹಾಯಿ ಕಟ್ಟಿದ ಸಣ್ಣ ದೋಣಿಯೊಂದನ್ನು ಪೂರ್ತಿ ತಮ್ಮಿಬ್ಬರಿಗೇ ಎಂದು ಮಾತಾಡಿಕೊಂಡ. ಗಾಳಿಗೆ ಹಾಯಿ ಬಿಚ್ಚಿ ಕಡಲೊಳಗಿನ ಒಂದು ದ್ವೀಪದವರೆಗೆ ಹೋಗುವುದು, ಅಲ್ಲಿ ಮುಖಕ್ಕೆ ಗಾಜಿನ ಮಾಸ್ಕು ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಬಣ್ಣದ ಮೀನು ನೋಡುವುದು. ಅದಕ್ಕೆ ಸ್ನಾರ್ಕಲಿಂಗ್ ಅನ್ನುತ್ತಾರೆಂದು ನಾಗರಾಜು ಹೇಳಿಕೊಟ್ಟ. ಮನೆಯಲ್ಲಿ ಮಾತ್ರ ಶಿವಮೊಗ್ಗದಲ್ಲಿರುವ ಸುನಿತಾಳ ಅಕ್ಕನ ಮನೆಗೆ ಹೋಗುತ್ತೇವೆಂದು ಹೇಳಿಯಾಗಿತ್ತು. ಹೊರಡುವುದು ಇವತ್ತು ರಾತ್ರಿ, ಶ್ರೀರಂಗಪಟ್ಟಣಕ್ಕೆ ಹೋಗಿ ಅಲ್ಲಿಂದ ಬಸ್ಸು.

ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. "ನಾಲೆ ದಂಡೇಲಿ ಬೆಳ್ದೋನು ಕಣೇ ನಾನು, ಮೀನಿದ್ದಂಗೆ ಈಜ್ತೀನಿ," ಎಂದು ಅವನು ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದ. ನಿಜ ಹೇಳಬೇಕೆಂದರೆ ಅವನು ಮೊಣಕಾಲಿಗಿಂತ ಮೇಲೆ ನೀರು ಕಂಡದ್ದು ಬಚ್ಚಲುಮನೆಯಲ್ಲಿ ಮಾತ್ರ. ನೀರೆಂದರೆ ಎದೆ ಡವಡವ ಎನ್ನುತ್ತಿತ್ತು. ನಾಳೆ ಸುನಿತಾಳ ಕಣ್ಣೆದುರಿಗೆ ದೋಣಿಯ ಅಂಚು ಹಿಡಿದು ಅರಚಿಕೊಂಡರೆ ಏನು ಗತಿ? ಅದಕ್ಕೇ ಮಾಸ್ಕು, ಕೊಳವೆ ಎರಡನ್ನೂ ಆನ್‌ಲೈನಿನಲ್ಲಿ ತರಿಸಿ, ಡೈರಿಯಲ್ಲಿ ಮುಚ್ಚಿಟ್ಟಿದ್ದ. ಬೆಳಗಿನ ಹಾಲು ಅಳೆಸಿಕೊಂಡು ಕಳಿಸಿದವನೇ ಅವನ್ನು ಕಂಕುಳಲ್ಲಿ ಅವುಚಿಕೊಂಡು ಊರ ಕೆರೆಗೆ ಹೋದ.

ಏರಿಯ ಮೂಲೆಯಲ್ಲಿ ಜೊಂಡು ಬೆಳೆದ ಕಡೆ ಜನ ಬರುವುದಿಲ್ಲ. ಪ್ಯಾಂಟು, ಅಂಗಿ, ಫೋನು, ಡೈರಿಯ ಬೀಗದ ಕೈ ಎಲ್ಲವನ್ನೂ ಕಲ್ಲಿನ ಮೇಲೆ ಮಡಿಸಿಟ್ಟು, ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಸೊಂಟಕ್ಕೆ ಬಿಗಿದುಕೊಂಡು, ಮನೆದೇವರನ್ನು ನೆನೆದು ನೀರಿಗಿಳಿದ. ಮೊದಲು ಎರಡು ಗುಟುಕು ಕೆರೆನೀರು ಒಳಗೆ ಹೋಯಿತು. ಮೂರನೆಯ ಸಲ ಉಸಿರು ಕೊಳವೆಯಲ್ಲಿ ಸರಾಗವಾಗಿ ಆಡಿತು. ಕಣ್ಣು ಬಿಟ್ಟರೆ ಕೆಳಗೆ ಹಸುರು ಬೆಳಕು, ಪಾಚಿಯ ನಡುವೆ ಬೆರಳುದ್ದದ ಮೀನುಗಳು ಅವನ ಮೂಗಿನ ತನಕ ಬಂದು ನೋಡಿಹೋದವು. ಎಂಥ ನೆಮ್ಮದಿ! ಡೈರಿಯ ಗಲಾಟೆಯಿಲ್ಲ, ಯಾರೂ ಕೂಗುವುದಿಲ್ಲ. ಸುನಿತಾಳಿಗೆ ಇದನ್ನು ತೋರಿಸಬೇಕು ಎಂದುಕೊಂಡಾಗ ಅವನಿಗೆ ನಿಜಕ್ಕೂ ಸಂತೋಷವಾಯಿತು. ಭಯ ಯಾವಾಗ ಬಿಟ್ಟುಹೋಯಿತೋ ಅವನಿಗೇ ತಿಳಿಯಲಿಲ್ಲ.

ಕಿವಿ ನೀರೊಳಗಿದ್ದುದರಿಂದ ಏರಿಯ ಮೇಲೆ ಚಿಕ್ಕಮಾದಯ್ಯ ಎಮ್ಮೆ ಬಿಟ್ಟು ಬೊಬ್ಬೆ ಹಾಕಿದ್ದು ಅವನಿಗೆ ಕೇಳಿಸಲಿಲ್ಲ.

"ಯಾರೋ ಬಿದ್ದವ್ರೆ ಬನ್ರಪ್ಪೋ, ಬೋರಲು ತೇಲ್ತಾ ಐತೆ."

ಸಂತೋಷ ಉಸಿರು ತಿರುಗಿಸಿಕೊಳ್ಳಲು ಜೊಂಡಿನ ಮರೆಗೆ ಬಂದು ತಲೆ ಎತ್ತಿದಾಗ ಏರಿಯ ಮೇಲೆ ಅರ್ಧ ಊರಿತ್ತು. ಚಿಕ್ಕಮಾದಯ್ಯ ಬೀಗದ ಕೈ ಗೊಂಚಲನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ.

"ಡೈರಿ ಸಂತೋಸಂದೇ ಕಣ್ರಪ್ಪ. ಈಗ್ತಾನೆ ಕಂಡಿದ್ದೆ, ನೋಡ್ತಾ ನೋಡ್ತಾ ಮುಳುಗೋದ."

ಎದ್ದು ನಿಂತು "ಇಲ್ಲಿವ್ನಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮುಖದ ಮೇಲೆ ಮಾಸ್ಕು, ಸೊಂಟದಲ್ಲಿ ಕ್ಯಾನು. ಇದೇನು, ಯಾಕೆ, ಎಲ್ಲಿಗೆ ಎಂದು ಶುರುವಾದರೆ ದೋಣಿಯ ವಿಷಯ ಹೊರಗೆ ಬರುತ್ತದೆ. ದೋಣಿ ಎಂದ ಕೂಡಲೇ ಚಿಕ್ಕಮಾದಯ್ಯ ಕೇಳುವ ಮೊದಲ ಪ್ರಶ್ನೆ ಏನೆಂದು ಸಂತೋಷನಿಗೆ ಗೊತ್ತಿತ್ತು. ಜೊಂಡಿನೊಳಗೇ ಸರಿದು ಆಚೆ ದಡದಲ್ಲಿ ಹತ್ತಿ, ತೋಟದ ದಾರಿಯಲ್ಲಿ ಬಂದು, ಏನಾಯ್ತೆಂದು ತಾನೇ ಕೇಳಿದರಾಯಿತು ಎಂದುಕೊಂಡ. ಎರಡು ಹೆಜ್ಜೆ ಇಡುವಷ್ಟರಲ್ಲಿ ಎಡಗಾಲು ಮೊಣಕಾಲಿನ ತನಕ ಕೆಸರಿನಲ್ಲಿ ಹೂತುಕೊಂಡಿತು.

ದಡದಲ್ಲಿ, ಡೈರಿಗೆ ಹಾಲು ಹಾಕುವ ಕುಳ್ಳಯ್ಯ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ನಾನೇ ಕಾರಣ ಕಣ್ರಪ್ಪ. ಬೆಳಗ್ಗೆ ಹಾಲು ತೆಳು, ಡಿಗ್ರಿ ಬರ್ನಿಲ್ಲ ಅಂದ. ನಿನ್ನ ಮನೆ ಎಕ್ಕುಟ್ಟೋಗ ಅಂದ್ಬುಟ್ಟೆ. ಬಾಯಿ ಬುಟ್ಟು ಹೇಳ್ತಿವ್ನಿ, ಒಂದು ಚೆಂಬು ನೀರು ಹಾಕಿದ್ದೆ."

"ಒಂದು ಚೆಂಬಿಗೆ ಇಷ್ಟು ಅಳ್ತೀಯಲ್ಲಣ್ಣ," ಎಂದು ಪ್ರಮೀಳಾ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಾವು ಎರಡು ಹಾಕ್ತಿದ್ದೋ. ತಿಳಿದ್ರೂ ಮೊಕ ನೋಡಿ ಸುಮ್ಕಾಗೋನು. ಎಂಥ ಮನುಷ್ಯ."

ಪ್ರಮೀಳಾ ನೀರು ಹಾಕುತ್ತಿದ್ದದ್ದು ಸಂತೋಷನಿಗೆ ತಿಳಿದೇ ಇರಲಿಲ್ಲ. ಊರ ಹಾಲು ಯಾಕೆ ತೆಳು ಎಂದು ತಾನು ತಲೆಕೆಡಿಸಿಕೊಂಡದ್ದೆಲ್ಲ ನೆನಪಾಗಿ, ಜೊಂಡಿನೊಳಗೇ ಹಲ್ಲು ಕಡಿದ. ಒಬ್ಬರಾದ ಮೇಲೆ ಒಬ್ಬರು ಚೆಂಬಿನ ಲೆಕ್ಕ ಒಪ್ಪಿಸುತ್ತಲೇ ಇದ್ದರು. ಹೀಗೇ ಬಿಟ್ಟರೆ ಕೆರೆಯ ಅರ್ಧ ನೀರು ಡೈರಿಗೇ ಹೋಗಿದೆ ಎಂದು ಗೊತ್ತಾಗುತ್ತಿತ್ತೇನೋ. ಅಷ್ಟರಲ್ಲಿ ಜಯಲಕ್ಷ್ಮಮ್ಮ ಬಂದಳು. ಸುನಿತಾ ಪ್ರಯಾಣದ ಸಾಮಾನು ತರಲು ಬೆಳಗ್ಗೆಯೇ ಪಾಂಡವಪುರಕ್ಕೆ ಹೋಗಿದ್ದಳು.

ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ರಾಗಿಹಿಟ್ಟು ಮೆತ್ತಿತ್ತು. "ನನ್ನಪ್ಪಾ, ನನ್ ಮಗಾ" ಎಂದು ಏರಿಯ ಮೇಲೆ ಕುಸಿದು ಕುಳಿತಳು. ದೋಣಿ ಹಾಳಾಗಲಿ, ತಾಯಿಯನ್ನು ಹೀಗೆ ಅಳಿಸುವುದೆಂದರೇನು? "ಅವ್ವಾ" ಎಂದು ಸಂತೋಷ ಕೂಗಿದ. ಗಾಬರಿಯಲ್ಲಿ ಕೊಳವೆ ಕಚ್ಚಿಕೊಂಡೇ ಕೂಗಿದ್ದರಿಂದ ಅದು ಎಮ್ಮೆ ಗುಟುರು ಹಾಕಿದಂತೆ ಕೇಳಿತು. ಚಿಕ್ಕಮಾದಯ್ಯನ ಎಮ್ಮೆಯೊಂದು ತಿರುಗಿ ನೋಡಿತು, ಬೇರೆ ಯಾರೂ ನೋಡಲಿಲ್ಲ. ಅವನು ಕೆಸರಿನಿಂದ ಕಾಲು ಕೀಳಲು ಒದ್ದಾಡುತ್ತಿದ್ದಾಗ ಕಲ್ಲಿನ ಮೇಲಿದ್ದ ಅವನ ಫೋನು ರಿಂಗಾಯಿತು.

ಚಿಕ್ಕಮಾದಯ್ಯ ಎತ್ತಿದ. "ಊಂ... ಊಂ... ಹೌದಾ... ಅಂಗಾ" ಎನ್ನುತ್ತ ದೂರ ಹೋದ. ಡೈರಿಯವರಿರಬೇಕು, ಹಾಲಿನ ವ್ಯಾನಿನ ವಿಷಯವಿರಬೇಕು ಎಂದುಕೊಂಡ ಸಂತೋಷ. ಮಾತು ಮುಗಿಸಿದ ಚಿಕ್ಕಮಾದಯ್ಯ ಬಂದು ಜಯಲಕ್ಷ್ಮಮ್ಮನ ಕಿವಿಯಲ್ಲಿ ಏನೋ ಹೇಳಿದ. ಅವಳ ಅಳು ತಟ್ಟನೆ ನಿಂತಿತು. ಕೆರೆಯ ಕಡೆಗೆ, ಜೊಂಡಿನ ಕಡೆಗೆ ಒಂದು ಗಳಿಗೆ ನೋಡಿದಳು. ಆಮೇಲೆ ಮೊದಲಿಗಿಂತ ಎರಡರಷ್ಟು ಜೋರಾಗಿ ಶುರುಮಾಡಿದಳು.

"ಕ್ಯಾಲೆಂಡರ್ ಶಿವಪ್ಪಾ, ಕಡಲ ದಂಡೇಲಿ ಕುಂತಿರೋ ನನ್ನಪ್ಪಾ. ನನ್ ಮಗ ಬದುಕಿ ಬಂದ್ರೆ ಇವತ್ತೇ ಬೀದಿಯೋರ್ನೆಲ್ಲ ಕರ್ಕೊಂಡು ನಿನ್ ಪಾದಕ್ಕೆ ಬರ್ತೀನಿ. ನೀರಲ್ಲಿ ನಿಂತು ನಿಂತು ಅವ್ನಿಗೆ ನೆಗಡಿ ಆಗೋಕಿಂತ ಮೊದ್ಲು ಕಳಿಸ್ಕೊಡಪ್ಪ."

ಈ ಕೊನೆಯ ಮಾತನ್ನು ಸಂತೋಷ ಸರಿಯಾಗಿ ಗಮನಿಸಲಿಲ್ಲ. ಕಾಲು ಆಗಷ್ಟೇ ಕಿತ್ತು ಬಂದಿತ್ತು. ಕೊಳವೆ ಉಗುಳಿ, ಕ್ಯಾನುಗಳನ್ನು ಧಡಧಡ ಬಡಿಸಿಕೊಂಡು, ಮೈತುಂಬ ಕೆಸರಿನಲ್ಲಿ ಅವನು ಎದ್ದು ಬಂದ. ಪ್ರಮೀಳಾ ಎರಡು ಹೆಜ್ಜೆ ಹಿಂದೆ ಸರಿದಳು. ತಾಯಿ ಬಂದು ಕೆನ್ನೆಗೆ ಒಂದು ಬಿಗಿದು, ತಬ್ಬಿಕೊಂಡಳು.

"ಏನ್ಲಾ ಇದು ವೇಸ?" ಎಂದ ಚಿಕ್ಕಮಾದಯ್ಯ, ಬಹಳ ಮೆದುವಾಗಿ.

"ಉಬ್ಬಸ ಕಣ್ ಮಾದಣ್ಣ," ಎಂದು ಬಾಯಿಗೆ ಬಂದ ಸುಳ್ಳನ್ನು ಎತ್ತಿ ಹಾಕಿದ ಸಂತೋಷ. "ಡಾಕ್ಟ್ರು ಹೇಳವ್ರೆ, ನೀರಲ್ಲಿ ಕೊಳವೆ ಇಟ್ಕೊಂಡು ಉಸ್ರು ಎಳೀಬೇಕಂತೆ."

"ಅಯ್ಯೋ ಕಂದ, ಉಬ್ಬಸಕ್ಕೆ ಕಡಲ ಗಾಳಿಗಿಂತ ಔಷ್ದಿ ಇಲ್ಲ," ಎಂದಳು ತಾಯಿ. "ಹರಕೆ ಬೇರೆ ಹೊತ್ಬುಟ್ಟೆ. ಶಿವಮೊಗ್ಗಕ್ಕೆ ಇನ್ನೊಂದ್ಸಲ ಹೋಗೀರಂತೆ."

ಹರಕೆ ಎಂದ ಮೇಲೆ ಎದುರು ಮಾತಾಡುವ ಧೈರ್ಯ ಯಾರಿಗಿದೆ? ಬಿಸಿಲು ಇಳಿಯುವ ಹೊತ್ತಿಗೆ ಕೆ.ಆರ್. ಪೇಟೆಯಿಂದ ಟೆಂಪೋ ಬಂದು ಬಾಗಿಲಲ್ಲಿ ನಿಂತಿತು. ಎರಡು ಚೆಂಬಿನ ಪ್ರಮೀಳಾ ಚಿತ್ರಾನ್ನದ ಡಬ್ಬಿ ಹಿಡಿದು ಬಂದಳು. ಕುಳ್ಳಯ್ಯ ಬೆಡ್‌ಶೀಟು ತಂದ. ಒಂದು ಸೀಟೂ ಖಾಲಿ ಉಳಿಯಲಿಲ್ಲ. ಸುನಿತಾ ಮುಖ ಊದಿಸಿಕೊಂಡು ಕಿಟಕಿಯ ಪಕ್ಕ ಕುಳಿತಳು. ಅವಳ ಮುಖ ನೋಡಲಾರದೆ ಸಂತೋಷ ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದ.

"ಬೇಜಾರ್ ಮಾಡ್ಕೋಬೇಡ ಕಣೇ. ಹರಕೆ ಊರೂ ಅದೇ, ನಮ್ ದೋಣಿ ಊರೂ ಅದೇ. ಬೆಳಗ್ಗೆ ಇವ್ರೆಲ್ಲ ದರ್ಶನದ ಸಾಲಲ್ಲಿ ನಿಂತಾಗ ನಾವಿಬ್ರೂ ಮೆಲ್ಲಗೆ ಜಾರ್ಕೊಳ್ಳೋಣ. ಯಾರ್ಗೂ ಗೊತ್ತಾಗಲ್ಲ."

ಸುನಿತಾಳ ಕಣ್ಣು ಅರಳಿತು. "ನಿಜವಾಗ್ಲೂ? ನೀರೊಳಗೆ ಹೆಂಗಿರ್ತದ್ರೀ?"

"ಸ್ವರ್ಗ. ಒಂದು ಮಾತೂ ಕೇಳಲ್ಲ," ಎಂದ ಅವನು. ಈ ಸಲ ಅದು ಜಂಬವಾಗಿರಲಿಲ್ಲ.

ಟೆಂಪೋ ಊರ ಗಡಿ ದಾಟಿತು. ಸಂತೋಷನ ಫೋನು ರಿಂಗಾಯಿತು. ದೋಣಿಯ ನಾಗರಾಜು.

"ನಮಸ್ಕಾರ ಸರ್. ನಿಮ್ಮ ಮಾದಯ್ಯನವರು ಬೆಳಗ್ಗೆ ಫೋನಿನಲ್ಲಿ ಹೇಳಿದ ಹಾಗೆ ಹಾಯಿ ದೋಣಿ ಬಿಟ್ಟು ದೊಡ್ಡ ದೋಣಿಯನ್ನೇ ಇಟ್ಟಿದ್ದೇನೆ ಮಾರಾಯ್ರೆ. ಸೀಟು ಖಾಲಿ ಹೋಗಬಾರದು ಅಂತ ಅವರು ಅಷ್ಟು ಹೇಳಿದ ಮೇಲೆ ನನಗೂ ಸರಿ ಅನ್ನಿಸಿತು."

ಸಂತೋಷ ಮೆಲ್ಲಗೆ ಹಿಂದಕ್ಕೆ ತಿರುಗಿದ. ಇಡೀ ಟೆಂಪೋ ಅವನನ್ನೇ ನೋಡುತ್ತಿತ್ತು.

"ನಿಂಗೆ ಎಷ್ಟೊತ್ತಿಗೆ ತಿಳೀತದೋ ಅಂತ ಕಾಯ್ತಿದ್ದೆ," ಎಂದ ಚಿಕ್ಕಮಾದಯ್ಯ ಮಫ್ಲರು ಬಿಗಿ ಮಾಡಿಕೊಳ್ಳುತ್ತ. "ಅವ್ನು ಪೋನಲ್ಲಿ ಮೀನು ನೋಡಾಕೆ ಮಾಸ್ಕು ತತ್ತಾರಾ ಅಂತ ಕೇಳ್ದಾಗ್ಲೇ ತಿಳೀತು, ನೀನು ಜೊಂಡಲ್ಲಿ ಕುಂತು ಪ್ರಾಕ್ಟೀಸ್ ಮಾಡ್ತಿದ್ದೀಯ ಅಂತ. ಎಂಗೂ ದೋಣಿ ಮಾಡಿದ್ಯಲ್ಲ, ನಿಮ್ಮವ್ವಂಗೆ ಹೇಳ್ದೆ. ಅವ್ವ ಹರಕೆ ಹೊತ್ಲು."

"ಅವ್ವಾ, ನಾನು ಬದುಕಿವ್ನಿ ಅಂತ ಗೊತ್ತಿದ್ದೂ ಅತ್ಯಾ?"

"ಗೊತ್ತಾದ್ ಮ್ಯಾಲೆ ಅತ್ತಿದ್ದೇ ಜಾಸ್ತಿ," ಎಂದಳು ಜಯಲಕ್ಷ್ಮಮ್ಮ. "ನಾನೂ ಕಡಲು ನೋಡಿಲ್ಲ ಕಣಪ್ಪ. ದಿನಾ ಊದುಬತ್ತಿ ಬೆಳಗ್ತಾ ನಾನೇನು ಶಿವನ್ನೊಬ್ಬನ್ನೇ ನೋಡ್ತಿದ್ನಾ?"

ಸಂತೋಷ ಹೆದರುತ್ತ ಸುನಿತಾಳ ಕಡೆ ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡ. ಸೆರಗು ತೆಗೆದಾಗ ನೋಡಿದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅತ್ತೆ ನನ್ ಪಕ್ಕ ಕೂತ್ಕೊಳ್ಲಿ ಬುಡ್ರೀ, ದೋಣೀಲಿ," ಎಂದು ಅವನ ಕೈ ಅದುಮಿದಳು. "ನೀರೊಳಗೆ ಮಾತು ಕೇಳಲ್ಲ ಅಂದ್ರಲ್ಲ. ಅಲ್ಲಾದ್ರೂ ನಾವಿಬ್ರೇ ಇರ್ತೀವಿ."

ಸಂತೋಷನ ಮನಸ್ಸು ಹಗುರಾಯಿತು. ಹೌದಲ್ಲ, ಮುಖ ನೀರಿಗಿಟ್ಟರೆ ಮುಗಿಯಿತು. ಅವನು ಸುನಿತಾಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ಅದೊಂದ್ ಆಗಕಿಲ್ಲ ಕಣವ್ವ," ಎಂದ ಚಿಕ್ಕಮಾದಯ್ಯ ಹಿಂದಿನಿಂದ, ಬಹಳ ಕಾಳಜಿಯಿರುವವನಂತೆ. "ಇವ್ನ ಉಬ್ಬಸದ ವಿಷ್ಯ ದೋಣಿಯೋನ್ಗೆ ಮತ್ತೆ ಪೋನ್ ಮಾಡಿ ತಿಳಿಸ್ಬುಟ್ಟೆ. ಉಬ್ಬಸ ಇರೋರ್ನ ಏನೇ ಆದ್ರೂ ನೀರ್ಗೆ ಇಳಿಸಲ್ವಂತೆ. ಇವ್ನು ದೋಣೀಲೇ ಕುಂತಿರ್ಲಿ, ಎಲ್ರ ಚಪ್ಪಲಿ ನೋಡ್ಕೊಳ್ಳಾಕೆ ಒಬ್ರು ಬೇಕಲ್ಲ."

ಉಬ್ಬಸ ಸುಳ್ಳೆಂದು ಹೇಳಲು ಸಂತೋಷ ಬಾಯಿ ತೆರೆದ. ಆದರೆ ಎಲ್ಲರ ಕಣ್ಣೂ ಆಗ ಜಯಲಕ್ಷ್ಮಮ್ಮನ ಕಡೆಗಿತ್ತು. ಅವಳು ಮಗನ ಚೀಲದಿಂದ ಮಾಸ್ಕು ತೆಗೆದು, ಕುಂಕುಮ ಅಳಿಸದ ಹಾಗೆ ಮೆಲ್ಲಗೆ ಮುಖಕ್ಕೆ ಏರಿಸಿಕೊಂಡು, ಕೊಳವೆಯಲ್ಲಿ ಎರಡು ಸಲ ಉಸಿರೆಳೆದು ನೋಡಿದಳು.

"ಉಸ್ರು ಚೆನ್ನಾಗೇ ಆಡ್ತದೆ ಕಣ್ಲಾ," ಎಂದಳು.