ಎರಿಕ್ ಮೆಟ್ಕಾಫ್‌ನ ವ್ಯಾನಿಗೆ ಚಪ್ಪರದ ಪಟ್ಟಿ

ಎಲ್ಲಕ್ಕೂ ಕಾರಣ, ಶನಿವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿ ಡೋರೀನ್ ಆಡಿದ ಎರಡು ಪದ: "ಜೆರಾಲ್ಡ್‌ನ ಕರೆಯೋಣ್ವಾ?"

ಎರಿಕ್ ಮೆಟ್ಕಾಫ್ ಗೋಡೆಗೆ ಹೊಡೆದ ಕಪಾಟು ಕಳಚಿ ಬಿದ್ದಾಗ ಅದನ್ನು ಮತ್ತೆ ನಿಲ್ಲಿಸಿದವನು ಪಕ್ಕದ ಮನೆಯ ಜೆರಾಲ್ಡ್. ಎರಿಕ್ ಬಿಗಿಮಾಡಿದ ನಲ್ಲಿ ಅಡುಗೆಮನೆಯನ್ನು ಕೆರೆ ಮಾಡಿದಾಗ ಓಡಿ ಬಂದವನೂ ಅವನೇ. ಮೂವತ್ತು ವರ್ಷ ಯಾರ್ಕ್‌ಷೈರಿನ ಕಣಿವೆಗಳಲ್ಲಿ ಹಾಲಿನ ಟ್ಯಾಂಕರ್ ಓಡಿಸಿದ ಎರಿಕ್‌ನ ಕೈ, ಸುತ್ತಿಗೆ ಹಿಡಿದರೆ ಮಾತ್ರ ಬೇರೆ ಯಾರದೋ ಕೈಯಂತೆ ಆಡುತ್ತಿತ್ತು. ಇದು ಅವನಿಗೂ ಗೊತ್ತು. ಗೊತ್ತಿದ್ದಷ್ಟೂ ಹಟ ಜಾಸ್ತಿ.

"ಬೇಡ. ಇದೊಂದು ನಾನೇ ಮಾಡ್ತೀನಿ."

"ಆಗ್ಲಿ," ಅಂದಳು ಹೆಂಡತಿ. "ಇದೊಂದು ನೆಟ್ಟಗಾದ್ರೆ ಇನ್ಮೇಲೆ ಜೆರಾಲ್ಡ್ ಹೆಸರೇ ಎತ್ತಲ್ಲ." ಕೋಟು ಹಾಕಿಕೊಂಡು, ಸ್ಕಿಪ್ಟನ್ನಿನಲ್ಲಿದ್ದ ತಂಗಿಯ ಮನೆಗೆ ಬಸ್ಸು ಹತ್ತಿದಳು.

ಕೆಲಸ ಇಷ್ಟೇ. ಒಲೆ, ಹಾಸಿಗೆ ಎಲ್ಲ ಇದ್ದ ತಮ್ಮ ಹಳೆಯ ವ್ಯಾನಿನ ಮಾಡಿನ ಅಂಚಿಗೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಅಂಟಿಸಬೇಕು. ಪಟ್ಟಿಯ ಸೀಳಿನಲ್ಲಿ ಬಟ್ಟೆಯ ಅಂಚು ತೂರಿಸಿ ಎಳೆದರೆ ಚಪ್ಪರ. ಸೋಮವಾರ ಗಂಡಹೆಂಡಿರು ಸಮುದ್ರದಂಡೆಗೆ ಹೊರಡುವವರಿದ್ದರು. ಮಳೆ ಬಿದ್ದರೂ ಹೊರಗೆ ಕೂತು ಚಹಾ ಕುಡಿಯಬಹುದು.

ಕಿರಿದಾದ ಓಣಿಯಲ್ಲಿ ಎದುರು ಬರುವವರಿಗೆ ದಾರಿ ಬಿಟ್ಟು ಬಿಟ್ಟು ಅಭ್ಯಾಸವಾಗಿದ್ದ ಎರಿಕ್, ವ್ಯಾನನ್ನು ಎಂದಿನಂತೆ ಕಲ್ಲುಗೋಡೆಗೆ ಮೈಯೊತ್ತಿ ನಿಲ್ಲಿಸಿದ್ದ. ಏಣಿ ಹಾಕಿ, ಮಾಡು ಒರೆಸಿ, ಪೆನ್ಸಿಲ್ಲಿನಿಂದ ಗೆರೆ ಎಳೆದ.

"ಗೆರೆ ಸೊಟ್ಟಗಿದೆ ಕಣಪ್ಪ," ಅಂದಳು ಎದುರುಮನೆಯ ಮುದುಕಿ ಮಿಸೆಸ್ ಪೀಕಾಕ್, ಚಹಾದ ಬಟ್ಟಲು ಹಿಡಿದು ಬಂದು. "ನಮ್ಮನೆಯವರೂ ಹೀಗೇ ಎಳೀತಿದ್ರು, ಪಾಪ."

ಅಳಿಸಿ ಮತ್ತೆ ಎಳೆದ. ಅಷ್ಟರಲ್ಲಿ ಜೆರಾಲ್ಡ್ ಜೇಬಿನಲ್ಲಿ ಕೈ ತುರುಕಿಕೊಂಡು ಬಂದ. ವ್ಯಾನನ್ನು ನೋಡಿದ, ಗೋಡೆಯನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ. "ಚೆನ್ನಾಗಿ ಒರೆಸಿದೀಯ," ಅಂದು ಮನೆಗೆ ಹೋದ.

ತಪ್ಪು ಹುಡುಕಲು ಬಂದವನು ಬರಿಗೈಯಲ್ಲಿ ಹೋದ ಅಂದುಕೊಂಡ ಎರಿಕ್‌ಗೆ ಒಳಗೊಳಗೇ ಹಬ್ಬ.

ಆಮೇಲೆ ಗೋಂದು. ಅದು ಕೊಳವೆಯಿಂದ ಮೊದಲು ಬರಲೇ ಇಲ್ಲ. ಬಂದಾಗ ಬಿಡಿಸಿಟ್ಟ ಹಗ್ಗದಂತೆ ಬಂತು. ಒಂದು ಪಾಲು ಪಟ್ಟಿಗೆ, ಒಂದು ಪಾಲು ಹುಬ್ಬಿಗೆ. ಗೋಂದು ಹಿಡಿಯುವವರೆಗೆ ಪಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ಒಂದೂವರೆ ಗಂಟೆ ಏಣಿಯ ಮೇಲೆ ನಿಂತ. ಮಿಸೆಸ್ ಪೀಕಾಕ್ ಹಸುಗೂಸಿಗೆ ಕುಡಿಸಿದ ಹಾಗೆ ಬಟ್ಟಲು ಎತ್ತಿ ಅವನ ಬಾಯಿಗೆ ಹಿಡಿದಳು. ಅರ್ಧ ಚಹಾ ಕೊರಳಪಟ್ಟಿಯೊಳಗೆ ಇಳಿಯಿತು.

ಬೇಲಿಯಾಚೆಯಿಂದ ಜೆರಾಲ್ಡ್ ಕೇಳಿದ, "ಗೋಂದು ಗಟ್ಟೀನಾ?"

"ಆನೆ ಕಟ್ಟಿದ್ರೂ ಅಲ್ಲಾಡಲ್ಲ."

"ಹೌದಾ," ಅಂದ ಜೆರಾಲ್ಡ್. ಯಾಕೋ ನಿಟ್ಟುಸಿರುಬಿಟ್ಟ.

ನಾಲ್ಕು ಗಂಟೆಗೆ ಬಟ್ಟೆ ತೂರಿಸಿ ನೋಡಿದ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಎರಡು ಕೋಲು ನೆಟ್ಟ, ಎರಡು ಕುರ್ಚಿ ಹಾಕಿದ, ರಾಜನಂತೆ ಕೂತ. ಇನ್ನು ಒಳಗಿನಿಂದ ಚಹಾದ ಕೆಟಲ್ ತರೋಣವೆಂದು ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿದರೆ, ಬರೀ ತಗಡು.

ಬಾಗಿಲಿದ್ದದ್ದು ಆಚೆ ಬದಿಗೆ, ಗೋಡೆಯ ಕಡೆ.

"ನನಗೆ ಬೆಳಗ್ಗೇನೇ ಅನ್ನಿಸ್ತು ಕಣಪ್ಪ," ಅಂದಳು ಮಿಸೆಸ್ ಪೀಕಾಕ್. "ವ್ಯಾನು ನಿಂದು. ನಾನ್ಯಾಕೆ ಮಧ್ಯೆ ಬಾಯಿ ಹಾಕಲಿ?"

"ಗೆರೆ ಸೊಟ್ಟಗಿದೆ ಅಂದ್ರಲ್ಲ!"

"ಅದು ಹೇಳಬಹುದಾದಂಥ ತಪ್ಪು."

ಎರಿಕ್ ಪಟ್ಟಿಯನ್ನು ಹಿಡಿದು ಎಳೆದ. ಆಮೇಲೆ ಎರಡು ಕಾಲೂ ನೆಲ ಬಿಟ್ಟು ಜೋತುಬಿದ್ದ. ವ್ಯಾನು ಓಲಾಡಿತು, ಪಟ್ಟಿ ಅಲ್ಲಾಡಲಿಲ್ಲ. ಅವನ ಬದುಕಿನಲ್ಲಿ ಗಟ್ಟಿಯಾಗಿ ನಿಂತ ಮೊದಲ ಕೆಲಸ ಅದು.

ಆ ಭಂಗಿಯಲ್ಲೇ ಇದ್ದಾಗ ತಂಗಿಯ ಕಾರಿನಿಂದ ಡೋರೀನ್ ಇಳಿದಳು. ಎರಿಕ್ ನೆಲಕ್ಕೆ ಕಾಲೂರಿ, ಸಮುದ್ರದ ಗಾಳಿ ಬಾಗಿಲಿನ ಕಡೆಯಿಂದ ಬೀಸುತ್ತದೆಂದೂ, ತಿಳಿದವರು ಈಗೀಗ ಚಪ್ಪರವನ್ನು ಬಾಗಿಲಿಲ್ಲದ ಬದಿಗೇ ಹಾಕುತ್ತಾರೆಂದೂ ವಿವರಿಸಿದ. ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಕಾರಿನ ನೆತ್ತಿಗೆ ಕಟ್ಟಿದ್ದ ಉದ್ದನೆಯ ಪೊಟ್ಟಣವನ್ನು ಬಿಚ್ಚಿ ಇಳಿಸಿದಳು.

"ಏನಿದು?"

"ಇನ್ನೊಂದು ಪಟ್ಟಿ. ಒಂಬತ್ತೂವರೆಗೇ ಜೆರಾಲ್ಡ್ ಫೋನ್ ಮಾಡಿದ್ದ. ಎದುರಿಗೆ ಹೇಳಿದ್ರೆ ನೀನು ನೊಂದ್ಕೋತೀಯ ಅಂತ ನನಗೆ ಹೇಳಿದ."

ಎರಿಕ್ ಹುಬ್ಬಿಗಂಟಿದ್ದ ಗೋಂದನ್ನು ಕೆರೆದುಕೊಂಡ.

"ನಾಳೆ ಎಂಟಕ್ಕೆ ಅವನೇ ಬಂದು ಹಾಕ್ತಾನೆ," ಅಂದಳು ಡೋರೀನ್. "ನೀನು ವ್ಯಾನು ತಿರುಗಿಸಿ ನಿಲ್ಲಿಸಿದ್ರೆ ಸಾಕಂತೆ. ಅದು ನಿನಗೆ ಚೆನ್ನಾಗಿ ಬರುತ್ತೆ ಅಂದ."